ಕೊಡತಿ ಮತ್ತು ಕತ್ತರಿ

ಮರದ ಕೊಡತಿ ಬೀಸಿದ ಮೇಲೆಯೇ ಅವಳಿಗೆ ಅವನ ಮುಖ ಕಂಡದ್ದು.

ಹುಬ್ಬಿನ ಮೇಲೆ ಚರ್ಮ ಬಿರಿದು, ರಕ್ತ ಕಣ್ಣಿಗಿಳಿದು, ಅಲ್ಲಿಂದ ಗಲ್ಲದ ತುದಿಗೆ ಬಂದು ಕೊಳದ ನೀರಿಗೆ ತೊಟ್ಟಿಕ್ಕತೊಡಗಿತು. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಆ ಅಪರಿಚಿತ ಕೂಗಲಿಲ್ಲ. ಕೈಯನ್ನು ಹಣೆಗೆ ಒಯ್ಯಲೂ ಇಲ್ಲ. ಅವನ ಒಂದು ಕೈಯಲ್ಲಿ ಸಣ್ಣದೊಂದು ಕತ್ತರಿಯಿತ್ತು. ಇನ್ನೊಂದು ತೋಳಿನಲ್ಲಿ, ಮಗುವನ್ನು ಮೀಯಿಸುವವರ ಹಾಗೆ, ಅವಳ ಎಲ್ಲಕ್ಕಿಂತ ದೊಡ್ಡ ತಾಯಿಮೀನನ್ನು ಹಿಡಿದಿದ್ದ. ಅದರ ಬಾಲದ ರೆಕ್ಕೆಯ ತುದಿ ಕತ್ತರಿಸಿಹೋಗಿತ್ತು.

"ಇನ್ನೊಂದು ಹೊಡೀಬೇಕು ಅಂತಿದ್ರೆ ಸ್ವಲ್ಪ ತಾಳಿ," ಅಂದ. "ಮೊದಲು ಮೀನು ಬಿಡ್ತೀನಿ. ಈಗ ಕೈ ಸಡಿಲಿಸಿದ್ರೆ ಗಾಬರಿಬಿದ್ದು ಕಲ್ಲಿಗೆ ಬಡ್ಕೊಳ್ಳುತ್ತೆ."

ಅವಳ ಕೈ ಗಾಳಿಯಲ್ಲೇ ನಿಂತಿತು. ಇವನೇನು ಮನುಷ್ಯನೋ, ಮರದ ಕೊರಡೋ...

ಅವನು ಮೀನಿನ ತಲೆಯನ್ನು ನೀರಿನೊಳಗೆ ಇಳಿಸಿ, ಅದರ ಕಿವಿರು ಒಂದೇ ಲಯದಲ್ಲಿ ತೆರೆದು ಮುಚ್ಚುವವರೆಗೂ ಕಾದ. ಮೀನು ತಾನಾಗಿ ತೋಳಿನಿಂದ ಜಾರಿಹೋಯಿತು. ಆಮೇಲೆ ಕಣ್ಣು ಮುಚ್ಚಿ, ರಕ್ತ ಸುರಿಯುತ್ತಿದ್ದ ಮುಖವನ್ನು ಅವಳ ಕಡೆಗೆತ್ತಿ, "ಈಗ," ಅಂದ.

ಅಷ್ಟರಲ್ಲಿ ಕೊಡತಿ ಅವಳ ಕೈಗೆ ಭಾರವಾಗಿತ್ತು.

ತೌಡು ಮೆತ್ತಿದ ಕೈಯಲ್ಲೇ ಅವಳ ತಾಯಿ ಓಡಿಬಂದಳು. ಮಗಳನ್ನೂ ನೋಡಿದಳು, ಕೆಂಪಾದ ನೀರನ್ನೂ ನೋಡಿದಳು. "ಅಯ್ಯೋ ರಾಕ್ಷಸಿ, ಅವರನ್ನ ಕರೆಸಿದ್ದು ನಾನು ಕಣೇ. ತಳಿ ಸಂಶೋಧನಾ ಕೇಂದ್ರದವರು. ನಿನಗೆ ಹೇಳಿದ್ರೆ ಗೇಟೇ ತೆಗೀತಿರಲಿಲ್ಲ, ಅದಕ್ಕೇ ಹೇಳಲಿಲ್ಲ."

ಹೊಡೆದವಳೇ ಅವನನ್ನು ಸ್ಕೂಟರಿನಲ್ಲಿ ಡಾಕ್ಟರ ಬಳಿಗೆ ಒಯ್ಯಬೇಕಾಯಿತು. ದಾರಿಯುದ್ದಕ್ಕೂ ಅವನು ಹಣೆಯನ್ನು ಅವಳ ಬೆನ್ನಿಗೆ ಒತ್ತಿ ಕೂತಿದ್ದ. ತಲೆ ಸುತ್ತುತ್ತಿದೆ, ಬೇರೆ ಉದ್ದೇಶವಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ. ಮನೆಗೆ ಬಂದು ಅವಳು ಅಂಗಿ ಬಿಚ್ಚಿದಾಗ ಬೆನ್ನಿನ ನಡುವೆ ಅಂಗೈಯಗಲದ ರಕ್ತದ ಕಲೆ ಕಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಅಂಗಿಯನ್ನು ಯಾಕೆ ಎಸೆಯಲಿಲ್ಲ ಎಂದು ಅವಳಿಗೇ ಗೊತ್ತಾಗಲಿಲ್ಲ...

ಅಂದಿನಿಂದ ಅವನು ಅವಳ ಬಾಯಲ್ಲಿ 'ಕತ್ತರಿ'ಯಾದ. ಅವಳನ್ನು ಅವನು 'ಕೊಡತಿಯವರೇ' ಎಂದ. ಇಬ್ಬರ ತಾಯಿತಂದೆ ಇಟ್ಟ ಹೆಸರುಗಳು ಆ ಕೊಳದ ಸುತ್ತ ಯಾರಿಗೂ ಬೇಕಾಗಲಿಲ್ಲ.

ಅದು ಮೀನುಮರಿ ಹುಟ್ಟಿಸುವ ಹ್ಯಾಚರಿ. ದೊಡ್ಡ ಕೊಳದಲ್ಲಿ ತಳಿಮೀನುಗಳು. ಷೆಡ್ಡಿನೊಳಗೆ ಸಿಮೆಂಟಿನ ತೊಟ್ಟಿಗಳು. ಗೋಡೆಯುದ್ದಕ್ಕೂ ಮೊಟ್ಟೆ ಒಡೆಯುವ ಗಾಜಿನ ಜಾಡಿಗಳ ಸಾಲು. ಎಲ್ಲವನ್ನೂ ಕಟ್ಟಿದವನು ಅವಳ ಅಪ್ಪ. ಅವನು ಸತ್ತದ್ದೂ ಅಲ್ಲೇ. ಬಲೆ ಎಳೆಯುವಾಗ ಕೊಳದ ದೊಡ್ಡ ಗಂಡುಮೀನು ನೀರಿನಿಂದ ಚಿಮ್ಮಿ ಗುಂಡಿನಂತೆ ಅವನ ಎದೆಗೆ ಬಡಿದಿತ್ತು. ಹಿಂದಕ್ಕೆ ಬಿದ್ದ. ತೂಬಿನ ಕಲ್ಲಿಗೆ ತಲೆ ಒಡೆಯಿತು. ಅವಳು ಓಡಿಬಂದಾಗ ಅಪ್ಪನ ಕಣ್ಣು ತೆರೆದೇ ಇತ್ತು. ಮೀನು ಅವನ ಕಾಲಿನ ಬಳಿ ಬಲೆಯಲ್ಲಿ ಒದ್ದಾಡುತ್ತಿತ್ತು. ಅವಳು ಮೊದಲು ಅಪ್ಪನನ್ನು ಎತ್ತಲಿಲ್ಲ. ಅಪ್ಪ ಕಲಿಸಿದಂತೆ ಮೊದಲು ಮೀನನ್ನು ನೀರಿಗೆ ಬಿಟ್ಟಳು.

ಆ ಮೀನಿಗೆ ಅಪ್ಪ ಇಟ್ಟ ಹೆಸರು 'ಯಜಮಾನ'. ಅಪ್ಪನ ಕೈ ಕೊನೆಗೆ ಮುಟ್ಟಿದ ಜೀವ ಅದು. ಅಂದಿನಿಂದ ಅವಳು ಹೊರಗಿನ ಒಂದು ಮೀನನ್ನೂ ಗೇಟಿನೊಳಗೆ ಬಿಟ್ಟಿರಲಿಲ್ಲ. ಅಪ್ಪನ ತಳಿ ಅಪ್ಪನದಾಗಿಯೇ ಇರಬೇಕು, ಅಷ್ಟೇ.

ಕತ್ತರಿ ಮೇವಿನ ಗೋದಾಮಿನ ಪಕ್ಕದ ಕೋಣೆಯಲ್ಲಿ ಉಳಿದುಕೊಂಡ. ಪ್ರತಿ ಮೀನಿನ ರೆಕ್ಕೆಯಿಂದ ಉಗುರಿನಷ್ಟು ಚೂರು ತೆಗೆದು ಸೀಸೆಗೆ ಹಾಕಿ ಕೇಂದ್ರಕ್ಕೆ ಕಳಿಸುತ್ತಿದ್ದ. ರೆಕ್ಕೆ ಮತ್ತೆ ಬೆಳೆಯುತ್ತದೆ, ಆದರೆ ಹುಬ್ಬು ಬೆಳೆಯುವುದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ತಾಯಿಯ ಹತ್ತಿರ ದೂರುತ್ತಿದ್ದ. ತಾಯಿ ನಗುತ್ತಿದ್ದಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ.

ಒಮ್ಮೆ ತೊಟ್ಟಿ ತೊಳೆಯುವಾಗ ಅವಳ ಕೆನ್ನೆಗೆ ಮೀನಿನ ಹುರುಪೆಯೊಂದು ಅಂಟಿತ್ತು. ಅವನು ಬೆರಳ ತುದಿಯಿಂದ ಅದನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡ.

ಅದನ್ನೂ ಪರೀಕ್ಷೆಗೆ ಕಳಿಸ್ತೀರಾ ಎಂದು ಅವಳು ಕೇಳಿದಳು.

ಇದನ್ನು ಕಳಿಸಲ್ಲ ಅಂದ.

ಆ ಇಡೀ ದಿನ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸುತ್ತಿದ್ದಳು.

ಮೀಸೆ ಬಂದದ್ದು ಅದೇ ವಾರ. ಸುತ್ತಲಿನ ಕೊಳಗಳಿಗೆಲ್ಲ ಇವಳಿಂದಲೇ ಮರಿ ಕೊಂಡುಹೋಗುತ್ತಿದ್ದ ದೊಡ್ಡ ಸಾಕಣೆದಾರ ಅವನು. ಅವನ ಮೀಸೆಯ ಹಿಂದೆ ಅವನ ಹೆಸರು ಎಂದೋ ಮರೆಯಾಗಿತ್ತು. ಜೊತೆಗೆ ಕಬ್ಬಿಣದ ಸರಳು ಹಿಡಿದ ಆಳುಗಳು. ಲಾರಿಯಿಂದ ಕ್ರೇಟುಗಳನ್ನು ಅಂಗಳಕ್ಕೆ ಮಗುಚಿದರು. ಸತ್ತ ಮೀನು, ಮೊಣಕಾಲೆತ್ತರದ ರಾಶಿ. ಬಹಳಷ್ಟರ ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು. ಕೆಲವಕ್ಕೆ ಕಿವಿರಿನ ಮುಚ್ಚಳವೇ ಇರಲಿಲ್ಲ. ಒಳಗಿನ ಕೆಂಪು ಬತ್ತಲೆಯಾಗಿತ್ತು.

ಮೀಸೆ ಒಂದನ್ನು ಬಾಲ ಹಿಡಿದೆತ್ತಿ ಅವಳ ಮುಖಕ್ಕೆ ಬಾರಿಸಿದ.

"ನಿನ್ನ ಮಕ್ಕಳು ಕಣಮ್ಮ. ಗುರುತು ಸಿಗ್ತಾ?"

ಅವಳ ತುಟಿ ಒಡೆಯಿತು. ಆಳುಗಳು ಷೆಡ್ಡಿಗೆ ನುಗ್ಗಿ ಜಾಡಿಗಳನ್ನು ಒಂದೊಂದಾಗಿ ಒಡೆಯತೊಡಗಿದರು. ಗಾಜು ಸಿಡಿಯುವ ಸದ್ದಿನ ನಡುವೆ ತಾಯಿಯ ಕೂಗು. ಸರಳೊಂದು ತಾಯಿಯ ತಲೆಯ ಮೇಲೆ ಏರಿದ್ದನ್ನು ಅವಳು ನೋಡಿದಳು... ಅದು ಇಳಿದದ್ದು ಕತ್ತರಿಯ ಮುಂಗೈ ಮೇಲೆ. ಎಲುಬು ಮುರಿದ ಸದ್ದು ಒಣಕಡ್ಡಿ ಮುರಿದಂತಿತ್ತು.

ಬಿಳಿಚಿದ ಮುಖದಲ್ಲೇ ಅವನು ಮೀಸೆಗೆ ಹೇಳಿದ: ಒಂದು ಸಲ ಅವಕಾಶ ಕೊಡಿ, ಮುಂದಿನ ಮರಿ ನೆಟ್ಟಗಿರುತ್ತೆ, ಅದಕ್ಕೆ ನಾನು ಹೊಣೆ.

ಮೀಸೆ ಅವನನ್ನು ಬಿಟ್ಟು ಅವಳನ್ನೇ ನೋಡಿದ. "ಇನ್ನೊಂದು ಸಲ ಬೆನ್ನು ಡೊಂಕಿರೋ ಮರಿ ಕಂಡ್ರೆ ಕೊಳಕ್ಕೆ ವಿಷ ಹಾಕ್ತೀನಿ. ನಿನ್ನ ಯಜಮಾನನೂ ತೇಲ್ತಾನೆ, ನೀನೂ ತೇಲ್ತೀಯ."

ಸಂಜೆ, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಒಡೆದ ಗಾಜಿನ ನಡುವೆ ಕೂತು, ಅವನು ಕೇಂದ್ರದಿಂದ ಬಂದ ಫಲಿತಾಂಶ ಹೇಳಿದ. ಕೊಳದ ಹೆಚ್ಚುಕಡಿಮೆ ಎಲ್ಲ ಮೀನುಗಳೂ ಒಂದೇ ಗಂಡಿನ ಸಂತಾನ. ಯಜಮಾನ ಅವುಗಳ ಅಪ್ಪ. ಎಷ್ಟೋ ಮೀನುಗಳಿಗೆ ಅಪ್ಪನೂ ಅವನೇ, ಅಜ್ಜನೂ ಅವನೇ.

ಅವಳು ನಂಬಲಿಲ್ಲ. ಅಪ್ಪ ಎಂದೂ ಒಂದೇ ಗಂಡನ್ನು ನೆಚ್ಚಿದವನಲ್ಲ. ಹೆಣ್ಣುಮೀನಿನ ಮೊಟ್ಟೆಯನ್ನು ಬೋಗುಣಿಗೆ ಹಿಂಡಿ, ಅದರ ಮೇಲೆ ಐದಾರು ಗಂಡುಗಳ ಹಾಲಿನಂಥ ವೀರ್ಯವನ್ನು ಒಟ್ಟಿಗೆ ಹಿಂಡಿ, ಹಕ್ಕಿಯ ಗರಿಯಿಂದ ಕಲಸುತ್ತಿದ್ದ. ಎಲ್ಲರ ಬಲವೂ ಮರಿಗೆ ಬರಲಿ ಎನ್ನುತ್ತಿದ್ದ. ಅವಳೂ ಹಾಗೆಯೇ ಮಾಡುತ್ತ ಬಂದಿದ್ದಳು.

"ಆಗೋದು ಅಲ್ಲೇ," ಅಂದ ಕತ್ತರಿ. "ಆರು ಜನ ಒಟ್ಟಿಗೆ ಓಡ್ತಾರೆ, ಬಾಗಿಲು ಒಂದೇ. ಮೊದಲು ಒಳಗೆ ಹೋದವನು ಚಿಲಕ ಹಾಕ್ಕೋತಾನೆ. ಪ್ರತಿ ಸಲ ಗೆದ್ದವನು ಯಜಮಾನ. ಉಳಿದವರದ್ದು ಬೋಗುಣಿಯಲ್ಲೇ ಸತ್ತಿತು. ಅವನ ಮಕ್ಕಳಲ್ಲೇ ದಪ್ಪಗಿದ್ದುದನ್ನ ಆರಿಸಿ ನೀವು ಮತ್ತೆ ತಳಿಗೆ ಇಟ್ಕೊಂಡ್ರಿ. ಒಂದೇ ರಕ್ತ ಕೂಡಿ ಕೂಡಿ ಬೆನ್ನು ಡೊಂಕಾಯ್ತು. ಈಗ ಅಷ್ಟೂ ಮೀನು ಒಂದೇ ಕೀಲಿಗೆ ತೆರೆಯೋ ಬೀಗದ ಹಾಗೆ. ಕಳ್ಳನಿಗೆ ಒಂದು ಕೀಲಿ ಸಿಕ್ಕಿದ್ರೆ ಇಡೀ ಬೀದಿ ಖಾಲಿ. ಮೀಸೆಯ ಕೊಳದಲ್ಲಿ ರೋಗ ಮಾಡಿದ್ದೂ ಅದನ್ನೇ."

"ಹಾಗಾದ್ರೆ ಅಪ್ಪ ತಪ್ಪು ಮಾಡಿದ್ರಾ?"

ಅವನು ಉತ್ತರಿಸುವ ಮೊದಲು ಅವಳ ಒಡೆದ ತುಟಿಯನ್ನು ನೋಡಿದ. ಆ ಕಾಲದಲ್ಲಿ ಎಲ್ಲ ಹ್ಯಾಚರಿಯವರೂ ಹಾಗೇ ಮಾಡುತ್ತಿದ್ದರು, ಒಳ್ಳೆಯದನ್ನೇ ಬಯಸಿ ಮಾಡುತ್ತಿದ್ದರು ಅಂದ. ಅವಳು ಎದ್ದುಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅವನು ಹಿಂದೆ ಬಂದು ನಿಂತ, ಮುಟ್ಟಲಿಲ್ಲ. ಅವನು ಮುಟ್ಟಲಿಲ್ಲ ಎಂಬುದೇ ಅವಳ ಎದೆಗೆ ಆ ದಿನ ಬಿದ್ದ ಕೊನೆಯ ಏಟು.

ಮಾರನೆಯ ದಿನ ಗೇಟು ತೆರೆಯಿತು. ದೂರದೂರದ ಬೇರೆ ಬೇರೆ ಹ್ಯಾಚರಿಗಳಿಂದ, ಒಂದಕ್ಕೊಂದು ನಂಟಿಲ್ಲದ ಗಂಡುಮೀನುಗಳು ಟ್ಯಾಂಕರಿನಲ್ಲಿ ಬಂದವು, ಒಡೆದವುಗಳ ಬದಲಿಗೆ ಹೊಸ ಜಾಡಿಗಳೂ ಬಂದವು. ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಅವನ್ನು ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಇಬ್ಬರೂ ಕಾದರು. ಒಂದು ಕೈಯವನ ಇನ್ನೊಂದು ಕೈ ಅವಳಾದಳು. ಎಲ್ಲವನ್ನೂ ಒಪ್ಪಿದಳು... ಒಂದನ್ನು ಬಿಟ್ಟು.

ಯಜಮಾನನಿಗೂ ಒಂದು ಬೋಗುಣಿ ಮೊಟ್ಟೆ ಬೇಕು. ಒಂದೇ ಒಂದು ಹೆಣ್ಣು.

ಅವನು ಆಗಲ್ಲ ಅಂದ. ಕೊಳದ ಯಾವ ಹೆಣ್ಣನ್ನು ಕೊಟ್ಟರೂ ಅದು ಅವನ ಮಗಳೇ. ಬೇರೆ ಕೊಳ ಮಾಡಿ ಅವನನ್ನು ಮುದುಕನಾಗಲು ಬಿಡಿ.

"ನಿಮಗೆ ಅವನು ಒಂದು ಸೀಸೆ. ನನಗೆ ಅಪ್ಪ ಉಳಿಸಿಹೋದದ್ದು ಅವನೊಬ್ಬನೇ."

"ನಿಮ್ಮಪ್ಪ ನಿಮ್ಮನ್ನೂ ಉಳಿಸಿಹೋಗಿದ್ದಾರೆ, ಕೊಡತಿಯವರೇ."

ಅವಳು ಮಾತು ಬಿಟ್ಟಳು. ಮರಿ ಮಾಡುವ ಹಿಂದಿನ ಸಂಜೆ ಹೆಣ್ಣುಮೀನುಗಳಿಗೂ ಹೊಸ ಗಂಡುಗಳಿಗೂ ಮೊಟ್ಟೆ, ವೀರ್ಯ ಇಳಿಯುವಂತೆ ಇಂಜೆಕ್ಷನ್ ಕೊಟ್ಟು ಮುಗಿಸಿದ ಮೇಲೆ, ಕತ್ತರಿ ಕೈ ತೊಳೆಯಲು ಹೋಗಿದ್ದಾಗ, ಅವಳು ಯಜಮಾನನನ್ನು ಮೂಲೆಯ ತೊಟ್ಟಿಗೆ ತಂದು ಅವನಿಗೂ ಸೂಜಿ ಚುಚ್ಚಿದಳು. ಒಂದು ಬೋಗುಣಿ ತಾನೇ... ಯಾರಿಗೆ ತಿಳಿಯುತ್ತದೆ?

ಬೆಳಕು ಹರಿಯುತ್ತಿದ್ದಂತೆ ಷೆಡ್ಡಿಗೆ ಹೋದವಳ ಕಾಲು ಬಾಗಿಲಲ್ಲೇ ಜಾರಿತು. ನೆಲವೆಲ್ಲ ರಕ್ತ.

ಮೂಲೆಯ ತೊಟ್ಟಿಯ ಪಕ್ಕದಲ್ಲಿ ಯಜಮಾನ ಬಿದ್ದಿದ್ದ. ತಲೆ ಜಜ್ಜಿಹೋಗಿ ಕಣ್ಣೊಂದು ಹೊರಗೆ ಬಂದಿತ್ತು. ಬಾಲ ಇನ್ನೂ ಸಣ್ಣಗೆ ಸಿಮೆಂಟನ್ನು ತಟ್ಟುತ್ತಿತ್ತು. ತಾಯಿ ಗೋಡೆಗೊರಗಿ ನಿಂತಿದ್ದಳು. ಕೊಡತಿ ಇದ್ದದ್ದು ಕತ್ತರಿಯ ಕೈಯಲ್ಲಿ.

ಅವಳು ಕೇಳಲಿಲ್ಲ. ಬಲೆಯ ಹಗ್ಗ ಕೊಯ್ಯುವ ಚಾಕು ಗೂಟದಲ್ಲಿತ್ತು. ಅದು ಯಾವಾಗ ಕೈಗೆ ಬಂತೋ! ಅವನ ಕುತ್ತಿಗೆಗೇ ಬೀಸಿದಳು. ಪಟ್ಟಿ ಕಟ್ಟಿದ ಕೈ ಏಳಲಿಲ್ಲ; ಕೊಡತಿ ಬಿಟ್ಟ ಇನ್ನೊಂದು ಕೈ ಅಲಗನ್ನೇ ಹಿಡಿಯಿತು. ಅವಳು ಎಳೆದಳು. ಅಂಗೈ ಉದ್ದಕ್ಕೆ ಸೀಳಿತು.

"ಕೊಂದ್ರಿ! ನಾನು ಮಾತು ಕೇಳಲ್ಲ ಅಂತ ಕೊಂದ್ರಿ, ಅಲ್ವಾ?"

ತಾಯಿಯ ಬಾಯಿ ತೆರೆಯಿತು. ಕತ್ತರಿ ಆ ಕಡೆ ನೋಡಿ ಒಮ್ಮೆ ತಲೆಯಾಡಿಸಿದ. ಆಮೇಲೆ ಅವಳಿಗೆ, "ಹೌದು," ಅಂದ.

ಅವಳು ಮತ್ತೆ ಚಾಕು ಎತ್ತಿದಳು. ಅದೇ ಗಳಿಗೆಯಲ್ಲಿ ಹೆಣ್ಣುಮೀನುಗಳ ತೊಟ್ಟಿಯಲ್ಲಿ ನೀರು ಭೋರೆಂದು ಕಲಕಿತು. ಹೆಣ್ಣುಗಳು ಸಿದ್ಧವಾಗಿದ್ದವು. ಈಗ ಹಿಂಡದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಈ ವರ್ಷದ ಮರಿ ಹೋಗುತ್ತದೆ, ಮೀಸೆಯ ವಿಷ ಬರುತ್ತದೆ. ದ್ವೇಷಿಸಲೂ ಅವಳಿಗೆ ಬಿಡುವಿರಲಿಲ್ಲ.

ಚಾಕು ಎಸೆದಳು. "ಬೋಗುಣಿ," ಎಂದಳು.

ಅವನು ಅಂಗೈಗೆ ಬಟ್ಟೆ ಸುತ್ತಿ ಹಲ್ಲಿನಿಂದ ಬಿಗಿದು ಬೋಗುಣಿ ಹಿಡಿದ. ಅವಳು ಹೆಣ್ಣುಮೀನನ್ನು ತೊಡೆಯ ಮೇಲೆ ಮಲಗಿಸಿ ಹೊಟ್ಟೆ ನೀವಿದಳು; ಮೊಟ್ಟೆ ಹೊನ್ನಿನ ಮಣಿಗಳಂತೆ ಸುರಿಯಿತು. ಪ್ರತಿ ಹೆಣ್ಣಿನ ಮೊಟ್ಟೆಯನ್ನು ಬೇರೆ ಬೇರೆ ಬೋಗುಣಿಗೆ ಪಾಲು ಮಾಡಿ, ಪ್ರತಿ ಪಾಲಿಗೆ ಒಂದೇ ಗಂಡು, ಬೇರೆಯದೇ ಗಂಡು. ಪ್ರತಿ ಬೋಗುಣಿಗೆ ಹೊಸ ಗರಿ. ಯಾರೂ ಯಾರೊಂದಿಗೂ ಓಡಬೇಕಿಲ್ಲ. ತಾಯಿ ನೀರು ತಂದು ಸುರಿದಳು. ಅವನ ಬಟ್ಟೆಯಿಂದ ರಕ್ತದ ಹನಿಯೊಂದು ಬೋಗುಣಿಯ ಅಂಚಿಗೆ ಬಿದ್ದಾಗ, ಮೊಟ್ಟೆಗೆ ತಾಗದಂತೆ ಅವಳು ಅದನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು. ಅವನ ಮುಖ ನೋಡಲಿಲ್ಲ.

ಕೊನೆಯ ಬೋಗುಣಿ ಜಾಡಿಗೆ ಹೋದ ಮೇಲೆ, "ಹೋಗಿ. ಮತ್ತೆ ಈ ಗೇಟಿನ ಹತ್ತಿರ ಕಂಡ್ರೆ ಕೈ ತಪ್ಪಲ್ಲ," ಎಂದಳು.

ಅವನು ಹೋದ.

ಯಜಮಾನನನ್ನು ಅವಳು ತೂಬಿನ ಕಲ್ಲಿನ ಪಕ್ಕದಲ್ಲಿ ಹೂತಳು. ತಾಯಿ ಹತ್ತಿರ ಬರಲಿಲ್ಲ. ಮೊಟ್ಟೆ ಒಡೆಯಿತು, ಕೂದಲೆಳೆಯಂಥ ಮರಿಗಳು ಮೊದಲು ಜಾಡಿಯ ತಳದಲ್ಲಿ ನಡುಗಿದವು, ಆಮೇಲೆ ಮೇಲೆದ್ದವು. ಅವಳು ಹಗಲೆಲ್ಲ ಜಾಡಿಯೆದುರು ಕೂತು ಬೆನ್ನುಗಳನ್ನೇ ನೋಡಿದಳು. ಮರಿಗಳು ಕಿರುಬೆರಳಿನಷ್ಟಾದಾಗ ಮೀಸೆ ಬಂದ. ಬಿಳಿ ತಟ್ಟೆಗೆ ಹುಯ್ದು, ಬಿಸಿಲಿಗೆ ಹಿಡಿದು, ಬಹಳ ಹೊತ್ತು ನೋಡಿದ. ಡೊಂಕು ಒಂದೂ ಸಿಗಲಿಲ್ಲ. ಆ ಕತ್ತರಿ ಹುಡುಗ ಮಾತು ಉಳಿಸ್ಕೊಂಡ ಅಂತ ಗೊಣಗಿ, ಕೈ ಮುರಿದದ್ದಕ್ಕೆ ಒಂದು ಮಾತೂ ಆಡದೆ, ಮರಿ ತುಂಬಿಸಿಕೊಂಡು ಹೋದ.

ಗೆದ್ದಿದ್ದೇನೆ ಎಂದುಕೊಂಡಳು. ಹಾಗಾದರೆ ಅಡುಗೆಮನೆಯಲ್ಲಿ ಅವನ ತಟ್ಟೆ ಕಂಡರೆ ಯಾಕೆ ಮುಖ ತಿರುಗಿಸುತ್ತಿದ್ದೇನೆ...

ಆ ತಟ್ಟೆಯನ್ನು ಅವಳು ಹೊರಗೆಸೆಯಲು ಹೋದಾಗ ತಾಯಿ ಕೈ ಹಿಡಿದಳು.

"ಅದು ಅಲ್ಲೇ ಇರಲಿ. ಯಜಮಾನನನ್ನ ಕೊಂದದ್ದು ನಾನು."

ಅವಳಿಗೆ ಕೇಳಿಸಿತು. ಅರ್ಥವಾಗಲು ಹೊತ್ತು ಹಿಡಿಯಿತು.

ತಾಯಿ ನಿಂತಲ್ಲೇ ಹೇಳಿದಳು. ಆವತ್ತು ಸಂಜೆ ನೀನು ಅದಕ್ಕೆ ಸೂಜಿ ಚುಚ್ಚುವುದನ್ನು ಕಿಟಕಿಯಿಂದ ನೋಡಿದೆ. ಮೀಸೆಯ ಸರಳು ನೆನಪಾಯಿತು. ಬೆಳಗಾಗುವುದನ್ನೇ ಕಾದು ಅದನ್ನು ಎಳೆದುಹಾಕಿದೆ. ಒಂದೇ ಏಟಿಗೆ ಮುಗಿಸಬಹುದಿತ್ತು... ನಿಲ್ಲಿಸಲು ಕೈಗೆ ಆಗಲಿಲ್ಲ. ಆ ಹುಡುಗ ಓಡಿಬಂದು ಕೊಡತಿ ಕಿತ್ತುಕೊಂಡ.

"ನಿಮ್ಮಪ್ಪನ ಎದೆಗೆ ಬಡಿದದ್ದು ಅದು. ದಿನಾ ಬೆಳಿಗ್ಗೆ ಅದಕ್ಕೇ ಮೊದಲು ತೌಡು ಹಾಕಿದೆ ಕಣೇ, ನಿನಗೋಸ್ಕರ. ಅದರ ಬಾಯಿ ತೆರೆದಾಗಲೆಲ್ಲ ನನ್ನ ಹೊಟ್ಟೆ ಉರೀತಿತ್ತು."

ಕೊಡತಿ ಬಾಗಿಲ ಹಿಂದೆಯೇ ಇತ್ತು. ಅವಳು ಅದನ್ನು ಎತ್ತಿದಳು. ತಾಯಿ ಕದಲಲಿಲ್ಲ, ನೆರೆತ ತಲೆಯನ್ನು ಸ್ವಲ್ಪ ಬಗ್ಗಿಸಿದಳು. ಆ ತಲೆಯ ನಡುವೆ ಬೈತಲೆ ಎಷ್ಟು ಅಗಲವಾಗಿದೆ, ಕೂದಲು ಎಷ್ಟು ಉದುರಿದೆ ಎಂದು ಅವಳಿಗೆ ಆಗಲೇ ಕಂಡದ್ದು. ಅಪ್ಪ ಸತ್ತದ್ದು ತನಗೊಬ್ಬಳಿಗೇ ಎಂಬಂತೆ ಇಷ್ಟು ವರ್ಷ ಬದುಕಿದ್ದಳಲ್ಲ...

ಕೊಡತಿ ನೆಲಕ್ಕೆ ಬಿತ್ತು. ಅವಳು ತಾಯಿಯನ್ನು ತಬ್ಬಿಕೊಂಡಳು. ಅಳು ಬಂತು, ಇಬ್ಬರಿಗೂ, ವಾಂತಿಯ ಹಾಗೆ. ಕೊನೆಗೆ ತಾಯಿ ಮೂಗೊರೆಸಿಕೊಂಡು ಕೊಡತಿಯನ್ನು ಹಂಡೆಯೊಲೆಗೆ ನೂಕಿದಳು. ನೀರು ಕಾಯಲಿ, ತಲೆಗೆ ಹುಯ್ಕೊಂಡು ಹೊರಡು, ಈ ಅವತಾರದಲ್ಲಿ ಹೋದ್ರೆ ಅವನೂ ಹೆದರಿ ಓಡ್ತಾನೆ ಅಂದಳು.

ಸಂಶೋಧನಾ ಕೇಂದ್ರದ ಹಿಂದಿನ ಕೊಳದಲ್ಲಿ ಅವನಿದ್ದ. ಸೊಂಟದವರೆಗೆ ನೀರು. ತೋಳಿನಲ್ಲಿ ಮೀನು, ಕೈಯಲ್ಲಿ ಕತ್ತರಿ. ಮುಂಗೈಯ ಪಟ್ಟಿ ಬಿಚ್ಚಿದ್ದರು. ಹುಬ್ಬಿನ ಗಾಯ ಬೆಳ್ಳಗಿನ ಗೆರೆಯಾಗಿತ್ತು.

ಅವಳು ಚಪ್ಪಲಿಯನ್ನೂ ಬಿಡದೆ ನೀರಿಗಿಳಿದಳು. ಅಲೆ ತಾಗಿ ಅವನು ತಿರುಗಿದ. ಮೊದಲು ನೋಡಿದ್ದು ಅವಳ ಕೈಗಳನ್ನು.

"ಕೊಡತಿ?"

"ಅಮ್ಮ ಒಲೆಗೆ ಹಾಕಿದ್ಲು."

ಅವನಿಗೆ ತಿಳಿಯಿತು. ಕಣ್ಣು ತಗ್ಗಿಸಿದ. ಮೀನಿನ ತಲೆಯನ್ನು ಇನ್ನಷ್ಟು ನೀರಿಗಿಳಿಸಿದ.

"ಯಾಕೆ ಹೇಳಲಿಲ್ಲ?" ಅವಳ ದನಿ ಒಡೆಯಿತು. "ನಾನು ಕುತ್ತಿಗೆಗೇ ಬೀಸಿದೆ. ಸತ್ತುಹೋಗ್ತಿದ್ರಿ."

"ಆವತ್ತು ನಿಮಗೆ ಯಾರನ್ನಾದ್ರೂ ದ್ವೇಷಿಸಲೇಬೇಕಿತ್ತು. ನಾನು ಹೊರಗಿನವನು, ಕಳ್ಕೊಂಡ್ರೂ ನಡೆಯುತ್ತೆ. ಅಮ್ಮನನ್ನ ಕಳ್ಕೊಂಡ್ರೆ ಎಲ್ಲಿಂದ ತರ್ತಿದ್ರಿ?"

"ನಡೀಲಿಲ್ಲ," ಎಂದಳು.

"ಏನು?"

"ನಡೆಯುತ್ತೆ ಅಂದ್ರಲ್ಲ. ನಡೀಲಿಲ್ಲ. ನಿಮ್ಮ ತಟ್ಟೆ ಇನ್ನೂ ಅಲ್ಲೇ ಇದೆ."

ನೆತ್ತರು ಕಣ್ಣಿಗಿಳಿದಾಗಲೂ ಕದಲದಿದ್ದ ಅವನ ಮುಖ ಈಗ ಹಸುಮಗುವಿನಂತೆ ಮುದುಡಿತ್ತು.

"ಕೈ ತೋರಿಸಿ," ಎಂದಳು.

"ಯಾವುದು?"

"ನಾನು ಸೀಳಿದ್ದು."

"ಅದರಲ್ಲಿ ಮೀನಿದೆ. ಜಾರಿಹೋಗುತ್ತೆ."

"ಹೋಗಲಿ."

ಅವನು ಕಿವಿರಿನ ಲಯಕ್ಕೆ ಕಾಯಲಿಲ್ಲ. ತೋಳು ತೆರೆದ. ಬಾಲವೊಂದು ಇಬ್ಬರ ಮುಖಕ್ಕೂ ನೀರು ಚಿಮ್ಮಿಸಿ ಆಳಕ್ಕೆ ಹೋಯಿತು, ರೆಕ್ಕೆ ಇಡಿಯಾಗಿಯೇ.